ಸಲೈನ್ ಹನಿಗಳ ಲೆಕ್ಕ: ರೋಗಿಗಳ ಬಂಧುಗಳು ತಿಳಿದಿರಬೇಕಾದದ್ದು

(ಶ್ರೀಮಠದ ಧರ್ಮಾರ್ಥ ಆಸ್ಪತ್ರೆಯ ಪ್ರಾರ್ಥನಾ ಮಂದಿರದಲ್ಲಿ ಜರುಗಿದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಸ್ಪತ್ರೆಯ ಶುಶ್ರೂಷಾ ಅಧೀಕ್ಷಕಿಯವರು ನೀಡಿದ ಉಪನ್ಯಾಸದ ಬರಹ ರೂಪ.)

 

ಶಿವಾನುಭವದಲ್ಲಿ ಅನುಭಾವಿಗಳು ಮಾತಾಡುವುದು ರೂಢಿ. ನಾನು ಅನುಭಾವಿಯಲ್ಲ, ವಾರ್ಡಿನಲ್ಲಿ ಕೆಲಸ ಮಾಡುವವಳು. ಆದ್ದರಿಂದ ನನ್ನ ಕಾಯಕದ ಒಂದು ಸಣ್ಣ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ಶ್ರೀಗಳು ಕಳೆದ ವಾರ ವಾರ್ಡುಗಳಿಗೆ ದಯಮಾಡಿಸಿದಾಗ ಒಂದು ಮಂಚದ ಹತ್ತಿರ ನಿಂತು, "ಸಿಸ್ಟರ್ ಗಡಿಯಾರ ಹಿಡಕೊಂಡು ಬಾಟಲಿ ಕಡೆ ಏನು ನೋಡತಾರೆ?" ಎಂದು ಕೇಳಿದರು. ಆ ರೋಗಿಯ ಮಗನಿಗೂ ಗೊತ್ತಿರಲಿಲ್ಲ. "ಮುಗೀತೋ ಇಲ್ಲೋ ನೋಡತಾರ್ರೀ" ಎಂದ. ಹನಿ ಎಣಿಸುತ್ತಾರೆ ಎಂದು ನಾನು ಹೇಳಿದಾಗ, "ಇದನ್ನು ಎಲ್ಲರಿಗೂ ಹೇಳಬೇಕಲ್ಲ" ಎಂದು ಅಪ್ಪಣೆಯಾಯಿತು.

ನಮ್ಮ ಭಾಗದಲ್ಲಿ ಯಾವ ನೀರನ್ನು ಹಚ್ಚಿದರೂ "ಸಲೈನ್" ಅಥವಾ "ಗ್ಲೂಕೋಸ್" ಎನ್ನುತ್ತಾರೆ. ಒಳಗಿರುವುದು ಬೇರೆ ಬೇರೆ. ನಾರ್ಮಲ್ ಸಲೈನ್ ಎಂದರೆ ಉಪ್ಪಿನ ನೀರು, 500 ಮಿ.ಲೀ. ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. ಶೇಕಡಾ 5ರ ಡೆಕ್ಸ್‌ಟ್ರೋಸ್ ಎಂದರೆ ಸಕ್ಕರೆ ನೀರು. ಅದೇ ಅಳತೆಯ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಆರ್.ಎಲ್. ಎಂಬುದರಲ್ಲಿ ಉಪ್ಪಿನ ಜೊತೆಗೆ ಸ್ವಲ್ಪ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಇರುತ್ತವೆ. "ಭಾಳ ಸುಸ್ತಾಗೇತಿ, ಎರಡು ಬಾಟಲಿ ಏರಿಸಿಬಿಡ್ರಿ, ಶಕ್ತಿ ಬರ್ತದ" ಎಂದು ಹೊರರೋಗಿ ವಿಭಾಗದಲ್ಲಿ ದಿನವೂ ಕೇಳುತ್ತೇವೆ. ಉಪ್ಪಿನ ನೀರಿನಲ್ಲಿ ಶಕ್ತಿ ಎಂಬುದೇ ಇಲ್ಲ. ಸಕ್ಕರೆ ನೀರಿನ ಬಾಟಲಿಯಲ್ಲಿರುವುದು ಒಂದು ಜೋಳದ ರೊಟ್ಟಿಯಷ್ಟೂ ಅಲ್ಲ. ಬಾಯಿಂದ ಉಣ್ಣಲು ಬರುವವರು ನಮ್ಮ ದಾಸೋಹದಲ್ಲಿ ಒಂದು ಹೊತ್ತು ಪ್ರಸಾದ ಸ್ವೀಕರಿಸಿದರೆ ಆ ಬಾಟಲಿಗಿಂತ ಎಷ್ಟೋ ಪಾಲು ಹೆಚ್ಚು ಶಕ್ತಿ ಸಿಗುತ್ತದೆ. ಹಣವೂ ಉಳಿಯುತ್ತದೆ, ಸೂಜಿಯೂ ತಪ್ಪುತ್ತದೆ.

ಹಾಗಾದರೆ ಬಾಟಲಿ ಯಾರಿಗೆ ಬೇಕು? ವಾಂತಿಭೇದಿಯಾಗಿ ಕುಡಿದದ್ದು ನಿಲ್ಲದವರಿಗೆ, ಶಸ್ತ್ರಚಿಕಿತ್ಸೆಯಾಗಿ ಬಾಯಿಗೆ ಏನೂ ಕೊಡಬಾರದವರಿಗೆ, ರಕ್ತ ಹೋದವರಿಗೆ, ನರದ ಮೂಲಕವೇ ಔಷಧಿ ಹೋಗಬೇಕಾದವರಿಗೆ. ಇಂಥವರಿಗೆ ಅದು ಜೀವಜಲ. ಎಷ್ಟು ಹೋಗಬೇಕು ಎಂಬುದರಷ್ಟೇ ಮುಖ್ಯವಾದದ್ದು ಎಷ್ಟು ಹೊತ್ತಿನಲ್ಲಿ ಹೋಗಬೇಕು ಎಂಬುದು. ವೈದ್ಯರು ಕೇಸ್ ಶೀಟಿನಲ್ಲಿ "500 ಮಿ.ಲೀ., ನಾಲ್ಕು ಗಂಟೆಯಲ್ಲಿ" ಎಂದು ಬರೆಯುತ್ತಾರೆ. ಅದನ್ನು ಹನಿಗೆ ಇಳಿಸುವುದು ನಮ್ಮ ಕೆಲಸ.

ಲೆಕ್ಕ ಬಹಳ ಸುಲಭ. ಬಾಟಲಿಯ ಕೆಳಗೆ ನಳಿಗೆ ಇದೆಯಲ್ಲ, ಅದಕ್ಕೆ ಐವಿ ಸೆಟ್ ಎನ್ನುತ್ತೇವೆ. ಅದರ ಪೊಟ್ಟಣದ ಮೇಲೆಯೇ ಒಂದು ಮಿ.ಲೀ.ಗೆ ಎಷ್ಟು ಹನಿ ಎಂದು ಅಚ್ಚಾಗಿರುತ್ತದೆ. ದೊಡ್ಡವರಿಗೆ ಬಳಸುವ ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿ.ಲೀ. ಕೆಲವು ಕಂಪನಿಗಳ ಸೆಟ್ಟಿನಲ್ಲಿ 15 ಇರುವುದೂ ಉಂಟು. ಆದ್ದರಿಂದ ವಿದ್ಯಾರ್ಥಿನಿಯರೇ, ಪೊಟ್ಟಣವನ್ನು ಓದದೆ ಹರಿದು ಬಿಸಾಡಬೇಡಿ. 20ರ ಸೆಟ್ಟಾದರೆ 500 ಮಿ.ಲೀ. ಬಾಟಲಿಯಲ್ಲಿ ಹತ್ತು ಸಾವಿರ ಹನಿಗಳಿವೆ. ನಾಲ್ಕು ಗಂಟೆ ಎಂದರೆ 240 ನಿಮಿಷ. ಹತ್ತು ಸಾವಿರವನ್ನು 240ರಿಂದ ಭಾಗಿಸಿದರೆ ನಲವತ್ತೊಂದೂ ಮುಕ್ಕಾಲಿನ ಹತ್ತಿರ ಬರುತ್ತದೆ. ಮುಕ್ಕಾಲು ಹನಿ ಬೀಳುವುದಿಲ್ಲವಾದ್ದರಿಂದ 42 ಎಂದು ಹಿಡಿಯುತ್ತೇವೆ. ನಿಮಿಷಕ್ಕೆ 42 ಹನಿ. ಅದೇ ಬಾಟಲಿ ಎಂಟು ಗಂಟೆ ಹೋಗಬೇಕಾದರೆ 21 ಹನಿ, ಹನ್ನೆರಡು ಗಂಟೆಯಾದರೆ 14 ಹನಿ. ಒಟ್ಟು ಮಿ.ಲೀ.ಯನ್ನು ಸೆಟ್ಟಿನ ಹನಿಯಿಂದ ಗುಣಿಸಿ ನಿಮಿಷಗಳಿಂದ ಭಾಗಿಸುವುದು, ಸೂತ್ರ ಇಷ್ಟೇ.

ಹುಡುಗಿಯರಿಗೆ ಇನ್ನೊಂದು ಕೈಲೆಕ್ಕ ಹೇಳಿಕೊಡುತ್ತೇನೆ. ಗಂಟೆಗೆ ಎಷ್ಟು ಮಿ.ಲೀ. ಎಂದು ಗೊತ್ತಿದ್ದರೆ, 20ರ ಸೆಟ್ಟಿಗೆ ಅದನ್ನು ಮೂರರಿಂದ ಭಾಗಿಸಿ, 15ರ ಸೆಟ್ಟಿಗೆ ನಾಲ್ಕರಿಂದ. ಗಂಟೆಗೆ 125 ಮಿ.ಲೀ. ಆದರೆ ಮೂರರಿಂದ ಭಾಗಿಸಿದಾಗ ಅದೇ 42. ರಾತ್ರಿ ಪಾಳಿಯಲ್ಲಿ ಮೂವತ್ತು ರೋಗಿಗಳಿರುವಾಗ ಕಾಗದ ಪೆನ್ಸಿಲ್ ಹುಡುಕುತ್ತ ಕೂರಲಾಗದು. ಆದರೆ ಕೈಲೆಕ್ಕ ಮಾಡಿದ ಮೇಲೆ ಒಮ್ಮೆ ಸೂತ್ರದಿಂದಲೂ ಮಾಡಿ ನೋಡಿ. ಎರಡೂ ಕೂಡಿದರೆ ಮಾತ್ರ ಗಾಲಿ ತಿರುಗಿಸಿ.

ಎಣಿಸುವ ಬಗೆ ಹೀಗೆ. ಸೆಕೆಂಡ್ ಮುಳ್ಳಿರುವ ಗಡಿಯಾರವನ್ನು ಹನಿ ಬೀಳುವ ಪಾರದರ್ಶಕ ಕೊಳವೆಯ ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ಆಗ ಮುಳ್ಳೂ ಹನಿಯೂ ಒಟ್ಟಿಗೆ ಕಾಣುತ್ತವೆ. ನಿಧಾನದ ಡ್ರಿಪ್ಪನ್ನು ಇಡೀ ಒಂದು ನಿಮಿಷ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಹನಿಯ ವ್ಯತ್ಯಾಸ ನಾಲ್ಕಾಗಿಬಿಡುತ್ತದೆ. ಆ ಹೊತ್ತಿನಲ್ಲಿ ದಯವಿಟ್ಟು ಸಿಸ್ಟರನ್ನು ಮಾತಾಡಿಸಬೇಡಿ. ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವೆಂದು ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ಸೊಕ್ಕಲ್ಲ, ಬಾಯೊಳಗೆ ಲೆಕ್ಕ ನಡೆದಿರುತ್ತದೆ.

ಒಮ್ಮೆ ಎಣಿಸಿಟ್ಟರೆ ಅದೇ ವೇಗ ಉಳಿಯುತ್ತದೆ ಎಂದಲ್ಲ. ನೀರು ಇಳಿಯುವುದು ಎತ್ತರದ ಬಲದಿಂದ. ಬಾಟಲಿ ರೋಗಿಗಿಂತ ಸುಮಾರು ಮೂರು ಅಡಿ ಮೇಲಿರುತ್ತದೆ. ರೋಗಿ ಎದ್ದು ಕುಳಿತರೆ, ಮೊಣಕೈ ಮಡಚಿದರೆ, ನಳಿಗೆಯ ಮೇಲೆ ಮಗ್ಗುಲಾದರೆ ಹನಿ ನಿಧಾನವಾಗುತ್ತದೆ ಇಲ್ಲವೇ ನಿಲ್ಲುತ್ತದೆ. ಶೌಚಾಲಯಕ್ಕೆ ಹೋಗುವಾಗ ಬಾಟಲಿಯನ್ನು ಕೈಯಲ್ಲಿ ಕೆಳಗೆ ಹಿಡಿದರೆ ನಳಿಗೆಯಲ್ಲಿ ರಕ್ತ ಹಿಂದಕ್ಕೆ ಬರುತ್ತದೆ. ತಲೆಗಿಂತ ಎತ್ತರದಲ್ಲಿ ಹಿಡಿಯಿರಿ.

ಈಗ ಒಬ್ಬ ಅಣ್ಣನವರು ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ: "ನಮ್ಮೂರಾಗ ಅರ್ಧ ತಾಸಿನಾಗ ಬಾಟ್ಲಿ ಮುಗಸ್ತಾರ, ನೀವ್ಯಾಕ ದಿನಗಟ್ಟಲೆ ಹಚ್ಚತೀರಿ?" ಒಳ್ಳೆಯ ಪ್ರಶ್ನೆ. ಅರ್ಧ ಗಂಟೆಗೆ ಹತ್ತು ಸಾವಿರ ಹನಿ ಎಂದರೆ ನಿಮಿಷಕ್ಕೆ 333. ಅದು ಹನಿಯಲ್ಲ, ಧಾರೆ, ಎಣಿಸಲು ಬರುವುದಿಲ್ಲ. ಆದರೆ ಅದು ಯಾವಾಗಲೂ ತಪ್ಪು ಎಂದು ನಾನು ಹೇಳುವುದಿಲ್ಲ. ವಾಂತಿಭೇದಿಯಿಂದ ಕಣ್ಣು ಗುಳಿಬಿದ್ದು, ನಾಡಿ ಸಿಗದ ಹಾಗಾಗಿರುವ 50 ಕಿಲೋ ತೂಕದ ಒಬ್ಬರು ಬಂದರೆನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ ಕಿಲೋಗೆ 30 ಮಿ.ಲೀ. ಆರ್.ಎಲ್. ಮೊದಲ ಅರ್ಧ ಗಂಟೆಯಲ್ಲಿ ಹೋಗಬೇಕು. ಅಂದರೆ 1500 ಮಿ.ಲೀ., ಮೂರು ಬಾಟಲಿ. ಮುಂದಿನ ಎರಡೂವರೆ ಗಂಟೆಯಲ್ಲಿ ಕಿಲೋಗೆ 70ರಂತೆ 3500 ಮಿ.ಲೀ., ಏಳು ಬಾಟಲಿ. ಮೂರು ತಾಸಿನಲ್ಲಿ ಹತ್ತು ಬಾಟಲಿ! ಆಗ ನಾವೇ ಗಾಲಿಯನ್ನು ಪೂರ್ತಿ ಬಿಟ್ಟು, ಎರಡು ಕೈಗೂ ಸೂಜಿ ಹಾಕಿ ಓಡಿಸುತ್ತೇವೆ. ಒಂದು ವರ್ಷದೊಳಗಿನ ಕೂಸಾದರೆ ಅದೇ ಅಳತೆಯನ್ನು ಮೊದಲ ಪಾಲು ಒಂದು ಗಂಟೆ, ಉಳಿದದ್ದು ಐದು ಗಂಟೆ ಎಂದು ನಿಧಾನಿಸುತ್ತೇವೆ.

ಪಕ್ಕದ ಮಂಚದಲ್ಲಿ ಹೃದಯ ದುರ್ಬಲವಾದ ಒಬ್ಬ ಅಜ್ಜ ಇದ್ದಾರೆನ್ನಿ. ಅವರಿಗೆ ವೈದ್ಯರು ಒಂದೇ ಬಾಟಲಿಯನ್ನು ಹನ್ನೆರಡು ಗಂಟೆ ಬರೆದಿರುತ್ತಾರೆ, ನಿಮಿಷಕ್ಕೆ 14 ಹನಿ. ಅವರ ಮನೆಯವರು ಈಚೆ ಮಂಚ ನೋಡಿ, "ಅವರಿಗೆ ಹತ್ತು ಹಾಕಿದ್ರು, ನಮಗೆ ಒಂದೂ ಮುಗೀವಲ್ದು" ಎನ್ನುತ್ತಾರೆ. ಇಲ್ಲಿ ಭೇದಭಾವವಿಲ್ಲ, ತಾಯಂದಿರೇ. ಹೊಲಕ್ಕೆ ನೀರು ಬಿಡುವವರು ನೀವು. ಒಣಗಿ ಬಿರುಕು ಬಿಟ್ಟ ಹೊಲಕ್ಕೂ ಮೊದಲೇ ಜವುಳು ಹಿಡಿದ ಹೊಲಕ್ಕೂ ಒಂದೇ ಸಮ ನೀರು ಬಿಡುತ್ತೀರಾ?

ಹಿಂದೆ ನಾನು ಬೇರೊಂದು ಊರಿನ ದೊಡ್ಡ ಆಸ್ಪತ್ರೆಯಲ್ಲಿದ್ದಾಗ ನಡೆದ ಸಂಗತಿಯೊಂದನ್ನು ಹೇಳಲೇಬೇಕು. ಎಪ್ಪತ್ತರ ಮೇಲಿನ ಯಜಮಾನರು, ಇಂಥದೇ ಹೃದಯದ ತೊಂದರೆ. ಮರುದಿನ ಬಿಡುಗಡೆ ಎಂದಿತ್ತು. ಊರಿನ ಕೊನೆಯ ಬಸ್ಸು ಸಂಜೆ ಆರಕ್ಕೆ. ಬಾಟಲಿ ಮುಗಿದರೆ ಇಂದೇ ಕಳಿಸಿಯಾರು ಎಂದುಕೊಂಡು ಅವರ ಮಗ, ಯಾರೂ ನೋಡದಾಗ ಗಾಲಿಯನ್ನು ಮೇಲಕ್ಕೆ ತಳ್ಳಿದ್ದ. ಕೆಟ್ಟ ಹುಡುಗನಲ್ಲ, ತಂದೆಯ ಸೇವೆಗೆಂದು ನಾಲ್ಕು ದಿನದಿಂದ ನಿದ್ದೆಗೆಟ್ಟವನು. ಮುಕ್ಕಾಲು ಗಂಟೆಯಲ್ಲಿ ಯಜಮಾನರಿಗೆ ಮಲಗಲಾಗದಂತೆ ಉಬ್ಬಸ ಬಂತು, ಎದೆಯಲ್ಲಿ ಗೊರಗೊರ ಸದ್ದು, ಬಾಯಲ್ಲಿ ನೊರೆ. ಹೃದಯ ಎತ್ತಿ ಹಾಕಲಾರದ ನೀರು ಪುಪ್ಪುಸಕ್ಕೆ ಇಳಿದಿತ್ತು. ಆಮ್ಲಜನಕ, ಮೂತ್ರ ಹೋಗುವ ಇಂಜೆಕ್ಷನ್ ಎಲ್ಲ ಕೊಟ್ಟು, ಎರಡು ದಿನ ಐ.ಸಿ.ಯು.ದಲ್ಲಿಟ್ಟ ಮೇಲೆ ಉಳಿದರು. ಏನಾಯಿತೆಂದು ಆ ಹುಡುಗ ಬಹಳ ಹೊತ್ತು ಬಾಯಿಬಿಡಲಿಲ್ಲ. ಬೈಯುತ್ತಾರೆಂಬ ಹೆದರಿಕೆ. ಬಾಯಿಬಿಡದ ಆ ಹೊತ್ತೇ ಹೆಚ್ಚು ಅಪಾಯದ್ದು. ಕಾರಣ ತಿಳಿಯದೆ ವೈದ್ಯರು ಬೇರೆ ಏನನ್ನೋ ಹುಡುಕುತ್ತಿದ್ದರು. ಆದ್ದರಿಂದ ನಮ್ಮ ಆಸ್ಪತ್ರೆಯಲ್ಲಿ ಒಂದು ಮಾತು ಮಾಡಿದ್ದೇವೆ: ಗಾಲಿ ಮುಟ್ಟಿದವರು ತಾವಾಗಿ ಹೇಳಿದರೆ ಯಾರೂ ಗದರಿಸುವುದಿಲ್ಲ. ಹೇಳಿಬಿಡಿ.

ಕೆಲವು ಬಾಟಲಿಗಳೊಳಗೆ ಔಷಧಿ ಸೇರಿಸಿರುತ್ತೇವೆ. ಅಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಪೊಟ್ಯಾಸಿಯಂ ಕಡಿಮೆಯಾದವರಿಗೆ ಅದರ 10 ಮಿ.ಲೀ. ಆಂಪೂಲನ್ನು ಬಾಟಲಿಗೆ ಬೆರೆಸುತ್ತೇವೆ. ಅದರಲ್ಲಿರುವುದು 20 ಮಿಲಿ ಈಕ್ವಿವಲೆಂಟ್. ನಾಲ್ಕು ಗಂಟೆಯಲ್ಲಿ ಹೋದರೆ ಗಂಟೆಗೆ ಐದು. ದೇಹ ಅದನ್ನು ಹಂಚಿಕೊಳ್ಳುತ್ತದೆ. ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ ಹತ್ತನ್ನು ದಾಟಿಸುವುದಿಲ್ಲ. ಯಾರೋ ಗಾಲಿ ಬಿಟ್ಟು ಇಪ್ಪತ್ತು ನಿಮಿಷದಲ್ಲಿ ಮುಗಿಸಿದರೆ ವೇಗ ಗಂಟೆಗೆ ಅರವತ್ತಾಯಿತು. ಹೃದಯದ ಬಡಿತ ತಪ್ಪಬಹುದು, ನಿಂತೂ ಹೋಗಬಹುದು. ಆ ಔಷಧಿ ಹೋಗುವಾಗ ರೋಗಿ "ಕೈ ಉರೀತದ" ಎಂದರೆ ಸಹಿಸಿಕೊಳ್ಳಿ ಎನ್ನಬೇಡಿ, ಸಿಸ್ಟರನ್ನು ಕರೆಯಿರಿ.

ಹೆರಿಗೆ ವಾರ್ಡಿನ ಅತ್ತೆಯಂದಿರಿಗೂ ಅವ್ವಂದಿರಿಗೂ ಇದನ್ನೇ ಕೈಮುಗಿದು ಹೇಳುತ್ತೇನೆ. ನೋವು ಬರಲೆಂದು ಹಚ್ಚುವ ಡ್ರಿಪ್ಪಿನಲ್ಲಿ ಆಕ್ಸಿಟೋಸಿನ್ ಇರುತ್ತದೆ. ಕೆಲವೇ ಹನಿಯಿಂದ ಆರಂಭಿಸಿ, ನೋವಿನ ಬಿಡುವನ್ನೂ ಮಗುವಿನ ಎದೆಬಡಿತವನ್ನೂ ನೋಡುತ್ತ ಅರ್ಧ ಅರ್ಧ ಗಂಟೆಗೊಮ್ಮೆ ಅಷ್ಟಷ್ಟೇ ಏರಿಸುತ್ತೇವೆ. ಜೋರು ಬಿಟ್ಟರೆ ಬೇಗ ಹೆರಿಗೆಯಾಗುತ್ತದೆ ಎಂಬುದು ಬಹಳ ಅಪಾಯದ ತಿಳಿವಳಿಕೆ. ಗರ್ಭಕೋಶ ಬಿಡುವಿಲ್ಲದೆ ಹಿಂಡಿದರೆ ಒಳಗಿನ ಕೂಸಿಗೆ ಆಮ್ಲಜನಕ ಸಾಲದು, ಗರ್ಭಕೋಶ ಹರಿಯಲೂಬಹುದು.

ಹಾವು ಕಡಿದವರಿಗೆ ಕೊಡುವ ಔಷಧಿ ಇದಕ್ಕೆ ಬೇರೆ. ಹತ್ತು ಬಾಟಲಿ, ಅಂದರೆ ಸಣ್ಣ ಸೀಸೆಗಳು, ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯೊಳಗೆ ಕೊಟ್ಟು ಮುಗಿಸುತ್ತೇವೆ, ಅಲರ್ಜಿಗಾಗಿ ಪಕ್ಕದಲ್ಲೇ ನಿಂತು. ಅದರ ಪ್ರಮಾಣ ಮಕ್ಕಳಿಗೂ ದೊಡ್ಡವರಿಗೂ ಒಂದೇ. ಕಡಿಯುವಾಗ ಹಾವು ವಯಸ್ಸು ನೋಡುವುದಿಲ್ಲವಲ್ಲ! ರಕ್ತವಾದರೆ ಮೊದಲ ಹದಿನೈದು ನಿಮಿಷ ನಿಧಾನ. ಶೀತಪೆಟ್ಟಿಗೆಯಿಂದ ಹೊರಬಂದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಯಲೇಬೇಕು.

ಮಕ್ಕಳ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ವಿದ್ಯಾರ್ಥಿನಿಯರು ಎಡವುವುದು ಇಲ್ಲೇ. ಮಕ್ಕಳಿಗೆ ಮೈಕ್ರೋ ಡ್ರಿಪ್ ಸೆಟ್ ಬಳಸುತ್ತೇವೆ. ಅದರ ಬಾಯಲ್ಲಿ ಸೂಜಿಯಂಥ ಸಣ್ಣ ಕೊಳವೆ ಇರುತ್ತದೆ. 60 ಹನಿಗೆ ಒಂದು ಮಿ.ಲೀ. ಗಂಟೆಗೆ 60 ನಿಮಿಷವಾದ್ದರಿಂದ ಲೆಕ್ಕ ಇನ್ನೂ ಸುಲಭ: ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ. ಹತ್ತು ಕಿಲೋ ತೂಕದ ಮಗುವಿಗೆ ದಿನದ ಸಾಮಾನ್ಯ ಅಗತ್ಯ ಒಂದು ಲೀಟರ್ ಎಂದು ಹಿಡಿದರೆ, ಗಂಟೆಗೆ ಸುಮಾರು 42 ಮಿ.ಲೀ., ಅಂದರೆ ನಿಮಿಷಕ್ಕೆ 42 ಹನಿ. ಆಗಲೇ ದೊಡ್ಡವರಿಗೂ 42 ಹನಿ ಹೇಳಿದೆ, ನೆನಪಿದೆಯೇ? ಸಂಖ್ಯೆ ಒಂದೇ, ಹೋಗುವ ನೀರು ಒಂದೇ ಅಲ್ಲ. ಮಗುವಿಗೆ ಅಪ್ಪಿತಪ್ಪಿ ದೊಡ್ಡವರ ಸೆಟ್ ಹಾಕಿ 42 ಹನಿ ಎಣಿಸಿಟ್ಟರೆ ಮೂರು ಪಟ್ಟು ನೀರು ಹೋಗುತ್ತದೆ. ಇಡೀ ದಿನದ ಲೀಟರ್ ಎಂಟು ಗಂಟೆಯಲ್ಲಿ ಮುಗಿಯುತ್ತದೆ. ಮಗುವಿನ ಮುಖ ಊದಬಹುದು, ಉಸಿರು ಏರಬಹುದು, ರಕ್ತದ ಉಪ್ಪಿನಂಶ ಏರುಪೇರಾಗಿ ಫಿಟ್ಸ್ ಬರಬಹುದು. ಎಣಿಸಿದ್ದು ಸರಿ, ಸೆಟ್ ತಪ್ಪು.

ಇದಕ್ಕಾಗಿಯೇ ಮಕ್ಕಳ ಬಾಟಲಿಯ ಕೆಳಗೆ ಗೆರೆ ಹಾಕಿದ 100 ಮಿ.ಲೀ. ಕೊಳವೆಯೊಂದನ್ನು ನೋಡುತ್ತೀರಿ. ಒಂದೆರಡು ಗಂಟೆಗೆ ಬೇಕಾದಷ್ಟನ್ನು ಮಾತ್ರ ಅದರೊಳಗೆ ಇಳಿಸಿ, ಮೇಲಿನ ಕ್ಲಿಪ್ ಮುಚ್ಚುತ್ತೇವೆ. ಗಾಲಿ ಸಡಿಲವಾದರೂ ಅಷ್ಟಕ್ಕಿಂತ ಹೆಚ್ಚು ಹೋಗದು. "ಪದೇ ಪದೇ ತುಂಬೋದ್ಯಾಕ, ಒಮ್ಮೆಲೇ ಬಿಟ್ಟಬಿಡ್ರಿ" ಎನ್ನುವ ತಾಯಂದಿರು ಆ ಮೇಲಿನ ಕ್ಲಿಪ್ಪನ್ನು ತೆರೆಯಬಾರದು.

ನಮ್ಮ ಬಾಟಲಿಗಳ ಮೇಲೆ ಉದ್ದಕ್ಕೆ ಬಿಳಿ ಪಟ್ಟಿ ಅಂಟಿಸಿ, ಎಷ್ಟು ಗಂಟೆಗೆ ನೀರು ಎಲ್ಲಿಗೆ ಇಳಿದಿರಬೇಕು ಎಂದು ಗೆರೆ ಎಳೆದಿರುತ್ತೇವೆ. ಹನಿ ಎಣಿಸಲು ಬಾರದವರಿಗೂ ಇದು ತಿಳಿಯುತ್ತದೆ. ಕಳೆದ ಮಳೆಗಾಲದಲ್ಲಿ ಮೊಮ್ಮಗನ ಜೊತೆಗಿದ್ದ ಒಬ್ಬ ಅಮ್ಮ, ಅಕ್ಷರ ಬಾರದವರು, ಸಂಜೆ ನಮ್ಮ ಸಿಸ್ಟರ್ ಹತ್ತಿರ ಬಂದು, "ಯವ್ವಾ, ನೀ ಎಂಟಕ್ಕ ಅಂತ ತೋರಿಸಿದ ಗೆರಿ ದಾಟೇತಿ, ಪ್ರಸಾದದ ಗಂಟಿ ಇನ್ನಾ ಹೊಡದಿಲ್ಲ ನೋಡು" ಎಂದರು. ಹೋಗಿ ನೋಡಿದರೆ ಹುಡುಗ ಆಟವಾಡುತ್ತ ಗಾಲಿಯನ್ನು ತಿರುಗಿಸಿದ್ದ. ಆ ಅಮ್ಮನಂಥ ಕಣ್ಣು ಪ್ರತಿ ಮಂಚದ ಹತ್ತಿರ ಒಂದಿದ್ದರೆ ನಮ್ಮ ಅರ್ಧ ಕೆಲಸ ಆದಂತೆ. ಗೆರೆಗಿಂತ ನೀರು ಹಿಂದೆ ಬಿದ್ದರೂ ತಿಳಿಸಿ, ಮುಂದೆ ಓಡಿದರೂ ತಿಳಿಸಿ. ಹಿಂದೆ ಬಿದ್ದದ್ದನ್ನು ನೀವು ಜೋರು ಬಿಟ್ಟು ಸರಿದೂಗಿಸಬೇಡಿ. ನಾಲ್ಕು ಗಂಟೆಯ ಬಾಟಲಿಯಲ್ಲಿ ಎರಡು ಗಂಟೆ ಕಳೆದ ಮೇಲೂ 350 ಉಳಿದಿದ್ದರೆ, ಹೊತ್ತಿಗೆ ಸರಿಯಾಗಿ ಮುಗಿಸಲು ನಿಮಿಷಕ್ಕೆ 58 ಹನಿ ಬೇಕಾಗುತ್ತದೆ. ಅಷ್ಟು ಏರಿಸಬಹುದೋ ಬಾರದೋ ಎಂಬುದನ್ನು ವೈದ್ಯರು ಹೇಳಬೇಕು; ನಾವೂ ಅವರನ್ನು ಕೇಳದೆ ಏರಿಸುವುದಿಲ್ಲ.

ಗಾಳಿಯ ಬಗ್ಗೆ ಬಹಳ ಜನಕ್ಕೆ ಭಯ. ಬಾಟಲಿ ಮುಗಿದು ಗಾಳಿ ಒಳಹೊಕ್ಕರೆ ಜೀವ ಹೋಗುತ್ತದೆಂದು ರಾತ್ರಿಯೆಲ್ಲ ಎಚ್ಚರವಿರುವವರನ್ನು ಕಂಡಿದ್ದೇನೆ. ನಳಿಗೆಯಲ್ಲಿ ಕಾಣುವ ಸಾಸಿವೆಯಷ್ಟು ಗುಳ್ಳೆಯಿಂದ ಏನೂ ಆಗದು. ಬಾಟಲಿ ಬರಿದಾದಾಗ ನಳಿಗೆಯಲ್ಲಿ ಉಳಿದ ನೀರು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ನಮ್ಮ ಚಿಂತೆ ಸೂಜಿಯ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿ ಇನ್ನೊಂದು ಕಡೆ ಚುಚ್ಚಬೇಕಾಗುತ್ತದಲ್ಲ ಎಂಬುದು. ನಳಿಗೆಯಲ್ಲಿ ಉದ್ದನೆಯ ಗಾಳಿ ಕಂಡರೆ ಮಾತ್ರ ತಡಮಾಡದೆ ಕರೆಯಿರಿ. ಬಾಟಲಿಯನ್ನು ಕೈಯಿಂದ ಹಿಂಡಬೇಡಿ. ಸೂಜಿಯ ಸುತ್ತ ಊದಿಕೊಂಡರೆ, ಕೆಂಪಾದರೆ, ತಣ್ಣಗೆ ಬಿಗಿದಂತಾದರೆ ನೀರು ನರದ ಹೊರಗೆ ಹೋಗುತ್ತಿದೆ ಎಂದು ಅರ್ಥ, ಅದನ್ನೂ ತಿಳಿಸಿ. ಮೈ ನಡುಗಿ ಚಳಿ ಬಂದರೆ, ಉಬ್ಬಸ, ಕೆಮ್ಮು ಹೆಚ್ಚಿದರೆ ನಡುರಾತ್ರಿಯಾದರೂ ಕೂಗಿ.

ಒಂದು ಹಳೆಯ ಮಾತು ಹೇಳಿಬಿಡುತ್ತೇನೆ. ನರದೊಳಗೆ ಉಪ್ಪುನೀರು ಕೊಟ್ಟು ಕಾಲರಾ ರೋಗಿಗಳನ್ನು ಉಳಿಸಲು ಮೊದಲು ಪ್ರಯತ್ನಿಸಿದವರು ಸ್ಕಾಟ್ಲೆಂಡಿನ ಲೀತ್ ಎಂಬ ಊರಿನ ವೈದ್ಯ ಥಾಮಸ್ ಲಟ್ಟಾ, 1832ರಲ್ಲಿ. ಅವರ ಮೊದಲ ರೋಗಿ ಒಬ್ಬ ವೃದ್ಧೆ. ಸಾಯುವ ಸ್ಥಿತಿಯಲ್ಲಿದ್ದವರು ಮೂರು ಲೀಟರಿಗೂ ಹೆಚ್ಚು ನೀರು ಹೋದ ಮೇಲೆ ಕಣ್ಣು ತೆರೆದು ಮಾತಾಡಿದರಂತೆ. ಲಟ್ಟಾ ಅವರನ್ನು ಇನ್ನೊಬ್ಬರ ಕೈಗೊಪ್ಪಿಸಿ ಹೋದರು. ಭೇದಿ ಮರುಕಳಿಸಿ ಆಕೆ ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ನೀರು ಕೊಟ್ಟರೆ ಸಾಲದು, ಹೋಗುತ್ತಿರುವುದನ್ನೂ ಬರುತ್ತಿರುವುದನ್ನೂ ನೋಡುತ್ತಿರಬೇಕು. ನಾವು ಮೂತ್ರದ ಅಳತೆ ಬರೆದಿಡಿ ಎಂದು ಪೀಡಿಸುವುದು ಇದಕ್ಕೇ.

ಕುಡಿಯಲು ಬರುವ ವಾಂತಿಭೇದಿ ರೋಗಿಗೆ ಬಾಟಲಿಯೇ ಬೇಕಿಲ್ಲ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿಗಳು ಸಾಲದಾದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಅದೇ ಇಂದಿನ ಓ.ಆರ್.ಎಸ್. ಅವರು ತೀರಿಕೊಂಡ ಮರುವರ್ಷ, 2023ರಲ್ಲಿ, ಭಾರತ ಸರ್ಕಾರ ಪದ್ಮವಿಭೂಷಣ ಕೊಟ್ಟಿತು. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಬೆರೆಸಬೇಕು, ಒಂದು ಲೋಟಕ್ಕೆ ಸ್ವಲ್ಪ ಸ್ವಲ್ಪ ಹಾಕುವುದಲ್ಲ. ಇಲ್ಲಿ ಹನಿ ಎಣಿಸುವ ಕೆಲಸವಿಲ್ಲ. ತಾಯಿ ಚಮಚದಿಂದ ಗುಟುಕು ಗುಟುಕಾಗಿ ಕುಡಿಸಿದರೆ ಸಾಕು.

ಐ.ಸಿ.ಯು.ದಲ್ಲಿ ಪಂಪ್ ಯಂತ್ರಗಳಿವೆ. ಅವು ಗಂಟೆಗೆ ಇಷ್ಟು ಮಿ.ಲೀ. ಎಂದು ತಾವೇ ತಳ್ಳುತ್ತವೆ. ಆದರೆ ಸಂಖ್ಯೆಯನ್ನು ಒತ್ತುವುದು ಮನುಷ್ಯರೇ ಆದ್ದರಿಂದ ನಮ್ಮಲ್ಲಿ ಒಬ್ಬರು ಒತ್ತಿದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕುತ್ತಾರೆ. ಅದು ಕೂಗಿದರೆ ಗುಂಡಿ ಒತ್ತಿ ಸದ್ದಡಗಿಸಬೇಡಿ. ಏನೋ ಕಟ್ಟಿಕೊಂಡಿದೆ ಅಥವಾ ಮುಗಿದಿದೆ ಎಂದು ಅದು ಹೇಳುತ್ತಿದೆ.

ನಾಳೆಯಿಂದ ಪ್ರತಿ ಮಂಚದ ಬಳಿ ಸಿಸ್ಟರ್‌ಗಳು ನಿಮ್ಮವರ ಬಾಟಲಿ ಯಾವುದು, ಎಷ್ಟು ಹೊತ್ತು, ನಿಮಿಷಕ್ಕೆ ಎಷ್ಟು ಹನಿ ಎಂಬುದನ್ನು ಕನ್ನಡದಲ್ಲಿ ಚೀಟಿ ಬರೆದು ತೂಗುಹಾಕುತ್ತಾರೆ. ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ, ಕೇಳುವುದು ನಿಮ್ಮ ಹಕ್ಕು. ಇನ್ನು ಪ್ರಸಾದಕ್ಕೆ ಹೊತ್ತಾಯಿತು. ಪ್ರಶ್ನೆ ಉಳಿದವರು ಬೆಳಗ್ಗೆ ಒಂಬತ್ತರಿಂದ ನನ್ನ ಕೋಣೆಗೆ ಬರಬಹುದು.